ಅಕ್ಕ ಮೆಡಿಕಲ್ ಪಾಸಾದದ್ದು

ಅಥವಾ ಆ ಗೌನು ನೀಲಿಯಾಗಿರಲೇ ಇಲ್ಲವೇನೋ. ನೀಲಿ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಹೇಳಿ ಹೇಳಿಯೇ ಅದು ನೀಲಿಯಾಗಿರಬೇಕು. ಅಕ್ಕನನ್ನು ಕೇಳಿದರೆ ಹಸಿರು ಎನ್ನುತ್ತಾಳೆ. ಗೌನು ತೊಟ್ಟವಳು ಅವಳು, ಹಾಗಾಗಿ ಅವಳ ಮಾತಿಗೇ ಹೆಚ್ಚು ಬೆಲೆ ಇರಬೇಕು. ಆದರೆ ಅಲ್ಲಿದ್ದಷ್ಟು ಹೊತ್ತೂ ಹೆದರಿ ಕಣ್ಣು ಮುಚ್ಚಿಕೊಂಡಿದ್ದೆ ಎಂದೂ ಅವಳೇ ಹೇಳುತ್ತಾಳೆ. ಇನ್ನು ನಾನು ಎಕ್ಸ್‌ರೇ ಕೋಣೆಯ ಹೊರಗೆ, ಹೆಂಗಸರು ಕಾಯುವ ಕುರ್ಚಿಗಳ ಸಾಲಿನಲ್ಲಿ ಕೂತಿದ್ದೆ. ನಡುವೆ ಒಂದು ಬಾಗಿಲು, ಅದರಾಚೆ ಒಂದು ಪರದೆ. ಹಾಗಿದ್ದೂ ಅಕ್ಕನ ಬೆನ್ನು, ತಣ್ಣನೆಯ ಫಲಕಕ್ಕೆ ಒತ್ತಿದ ಅವಳ ಎದೆ, ಮೇಲಕ್ಕೆತ್ತಿದ ಗಲ್ಲ, ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಾಣದ್ದನ್ನು ಇಷ್ಟು ಚೆನ್ನಾಗಿ ಕಂಡವಳ ಮಾತನ್ನು ಎಷ್ಟು ನಂಬಬೇಕೆಂಬುದು ಓದುವವರಿಗೆ ಬಿಟ್ಟದ್ದು.

ಇನ್ನೂ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಅಕ್ಕತಂಗಿಯರು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಅಕ್ಕ ಆಡುವ ಕನ್ನಡವೆಲ್ಲ ನಾನು ಅವಳ ಬಾಯಿಗೆ ಹಾಕಿದ್ದು.

ಅದು ಎರಡು ಸಾವಿರದ ಹತ್ತರ ದಶಕದ ನಡುವಿನ ಒಂದು ವರ್ಷ. ನಾನು ದುಬೈಯ ಮಿರ್ದಿಫ್‌ನಲ್ಲಿದ್ದೆ, ವಿಮಾನ ನಿಲ್ದಾಣದ ಹತ್ತಿರ ಸರಕು ಸಾಗಣೆಯ ಒಂದು ಕಚೇರಿಯಲ್ಲಿ ಕೆಲಸ. ಗಂಡನಿಗೆ ಅಬುಧಾಬಿಯಿಂದಲೂ ಆಚೆ, ಮದೀನತ್ ಜಾಯೆದ್ ಕಡೆಯ ತೈಲದ ಕಂಪನಿಯಲ್ಲಿ ನೌಕರಿ. ಗುರುವಾರ ಸಂಜೆ ಬಂದು ಶನಿವಾರ ಸಂಜೆ ಹೊರಟುಹೋಗುತ್ತಿದ್ದರು. ಮಗಳು ಆಗಷ್ಟೇ ಒಂದನೇ ತರಗತಿಗೆ ಸೇರಿದ್ದಳು. ಅವಳನ್ನು ನೋಡಿಕೊಳ್ಳಲೆಂದು ಅಕ್ಕನನ್ನು ಊರಿನಿಂದ ವಿಸಿಟ್ ವೀಸಾದಲ್ಲಿ ಕರೆಸಿಕೊಂಡಿದ್ದೆ.

ಅಕ್ಕನನ್ನು ಕರೆಸಿಕೊಳ್ಳುವುದು ನಮ್ಮ ಮನೆಯ ಪದ್ಧತಿಯೇ ಆಗಿತ್ತು. ಅವಳಿಗೆ ಮದುವೆಯಾಗಿರಲಿಲ್ಲ. ಉಡುಪಿ ಹತ್ತಿರದ ನಮ್ಮ ಊರಿನ ಚಿಕ್ಕ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಅಕ್ಕ, ಯಾರು ಆಸ್ಪತ್ರೆಯಲ್ಲಿ ಮಲಗಿದರೂ ಮಂಚದ ಕೆಳಗೆ ಚಾಪೆ ಹಾಸಿಕೊಳ್ಳಲು ಅಕ್ಕ. ನನ್ನ ಬಾಣಂತನವೂ ಅವಳದ್ದೇ. ಒಮ್ಮೆಯಾದರೂ ನಿನಗೆ ಬರಲು ಆಗುತ್ತದೆಯೇ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ನನಗೆ ನೆನಪಿಲ್ಲ ಎಂದಷ್ಟೇ.

ಮಿರ್ದಿಫ್‌ಗೆ ಬಂದವಳು ಸಂಜೆ ಮಗಳನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಮಕ್ಕಳನ್ನೆಲ್ಲ ಹುಲ್ಲಿನ ಮೇಲೆ ಕೂರಿಸಿ ಕತೆ ಹೇಳತೊಡಗಿದಳು. ಯಾವ ಭಾಷೆಯಲ್ಲಿ ಹೇಳುತ್ತಿದ್ದಳೋ ದೇವರಿಗೇ ಗೊತ್ತು. ಅಲ್ಲಿಗೆ ಬರುತ್ತಿದ್ದ ಒಬ್ಬ ತಾಯಿಗೆ ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಯವರ ಪರಿಚಯವಿತ್ತು. ಆಕೆ ಒಂದು ಬೆಳಿಗ್ಗೆ ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಮಧ್ಯಾಹ್ನ ಮಗಳ ಶಾಲೆ ಬಿಡುವುದರೊಳಗೆ ತಂದು ಬಿಟ್ಟಳು. ನನಗೆ ಸುದ್ದಿಯೇ ಇಲ್ಲ. ಸಂಜೆ ನಾನು ಮನೆಗೆ ಬಂದಾಗ ಅಕ್ಕ ಬಂಗುಡೆಗೆ ಮಸಾಲೆ ಸವರುತ್ತಿದ್ದಳು. ತಿರುಗದೆಯೇ ಹೇಳಿದಳು:

"ನನಗೆ ಕೆಲಸ ಆಯ್ತು ಮಾರಾಯ್ತಿ."

"ಎಂತ ಕೆಲಸ? ಎಲ್ಲಿ?"

"ಶಾಲೆಯಲ್ಲಿ. ಸಣ್ಣ ಮಕ್ಕಳ ಮೂಗು ಒರೆಸುವುದು. ಇಷ್ಟು ವರ್ಷ ಪುಕ್ಕಟೆ ಒರೆಸಿದ್ದಲ್ವಾ, ಇನ್ನು ಸಂಬಳಕ್ಕೆ."

"ಮತ್ತೆ ನನ್ನ ಮಗಳು?"

"ನಿನ್ನ ಮಗಳ ಮೂಗು ಅವಳೇ ಒರೆಸ್ತಾಳೆ. ಕಲಿಸಿ ಆಯ್ತು."

ಕೆಲಸದ ಜೊತೆ ಇರಲು ಕೋಣೆ, ಅವಳದೇ ಹೆಸರಿನಲ್ಲಿ ವೀಸಾ. ಶಾಲೆಯವರು ಹೇಳಿಯಾಗಿತ್ತು. ಉಳಿದದ್ದು ಮೆಡಿಕಲ್ ಒಂದೇ. ಗಲ್ಫಿನಲ್ಲಿ ಇರುವವರಿಗೆ ಆ ಶಬ್ದವನ್ನು ವಿವರಿಸಬೇಕಾಗಿಲ್ಲ; ಇಲ್ಲದವರಿಗೆ ಹೇಳುವುದಾದರೆ, ಕೆಲಸಕ್ಕೆಂದು ನಿಲ್ಲುವವರೆಲ್ಲ ಸರಕಾರದ ತಪಾಸಣಾ ಕೇಂದ್ರಕ್ಕೆ ಹೋಗಿ ರಕ್ತ ಕೊಟ್ಟು ಎದೆಯ ಎಕ್ಸ್‌ರೇ ತೆಗೆಸಿಕೊಳ್ಳಬೇಕು. ಫಿಟ್ ಎಂದು ಬಂದರೆ ವೀಸಾ. ಅನ್‌ಫಿಟ್ ಎಂದರೆ ಊರು. ಆಮೇಲೆ ಬೇರೆ ಗಲ್ಫ್ ದೇಶದ ಬಾಗಿಲೂ ಮುಚ್ಚಿದ ಹಾಗೆಯೇ ಎಂದು ಎಲ್ಲರೂ ನಂಬಿದ್ದರು.

ಊರಿನಲ್ಲಿ ತಮ್ಮ ಕಾಯುತ್ತಿದ್ದ. ಅವನ ಹೆಂಡತಿ ಬಸುರಿ. "ಅಕ್ಕ, ವಿಸಿಟ್ ಮುಗಿದ ಕೂಡಲೇ ಬಂದುಬಿಡು, ಇಲ್ಲಿ ನೀನಿಲ್ಲದೆ ಆಗುವುದಿಲ್ಲ," ಎಂದು ಫೋನಿನಲ್ಲಿ ಹೇಳುತ್ತಿದ್ದ. ಕೆಲಸ ಸಿಕ್ಕಿದ್ದನ್ನು ಅಕ್ಕ ಅವನಿಗೆ ಹೇಳಿರಲಿಲ್ಲ. "ಫಿಟ್ ಆಗಲಿ. ಮತ್ತೆ ಹೇಳುವಾ," ಎನ್ನುತ್ತಿದ್ದಳು. ಅಷ್ಟರಲ್ಲೇ ನನಗೆ ಗೊತ್ತಾಗಿತ್ತು, ಅವಳಿಗೆ ಇದು ಎಷ್ಟು ಬೇಕಾಗಿದೆ ಎಂದು. ಬೇಕು ಎಂದು ಅವಳು ಯಾವುದನ್ನೂ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಮೊದಲ ಸಲದ ಮೆಡಿಕಲ್‌ನಲ್ಲಿ ವಿಶೇಷ ಏನೂ ಆಗಲಿಲ್ಲ ಎಂದುಕೊಂಡೆವು. ನಾನು ರಜೆ ಹಾಕಿ ಕಾರಿನಲ್ಲಿ ಅಬುಧಾಬಿಗೆ ಕರೆದುಕೊಂಡು ಹೋದೆ. ಹೆಂಗಸರ ವಿಭಾಗದ ಬಾಗಿಲಲ್ಲಿ ನಿಂತ ಸಹಾಯಕಿ, "ಚೈನ್, ಪಿನ್, ಹುಕ್, ಎಲ್ಲಾ ತೆಗೆ, ಯಲ್ಲಾ, ಯಲ್ಲಾ," ಎಂದು ಹಿಂದಿಗೆ ಅರಬಿಯ ಬೇಗಬೇಗವನ್ನೂ ಬೆರೆಸಿ ಒಂದೇ ಉಸಿರಿಗೆ ಎಲ್ಲರನ್ನೂ ಒಳಗೆ ತಳ್ಳುತ್ತಿದ್ದಳು. ಅಕ್ಕ ಕಿವಿಯೋಲೆ, ಸರ, ತುರುಬಿನ ಪಿನ್ನುಗಳನ್ನೆಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, "ಇಷ್ಟೇಯಾ? ಇದಕ್ಕಾ ಇಷ್ಟು ಹೆದರಿದ್ದು!" ಎಂದಳು. ಬರುವಾಗ ದಾರಿಯಲ್ಲಿ ಕರಕ್ ಚಹಾ ಕುಡಿದೆವು. ಕುಡಿದೆವು ಎಂದು ನಾನು ಬರೆಯುತ್ತಿದ್ದೇನೆ. ಅದು ಎರಡನೇ ಸಲವೂ ಇರಬಹುದು.

ಆಮೇಲೆ ಶಾಲೆಯ ಪಿಆರ್‌ಓ ಫೋನು. ಪಿಆರ್‌ಓ ಎಂದರೆ ವೀಸಾದ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಓಡುವ ಮನುಷ್ಯ. ಪ್ರತಿ ಕಂಪನಿಗೂ ಒಬ್ಬನಿರುತ್ತಾನೆ. ಈತ ಕಾಸರಗೋಡಿನವನು, ನಮ್ಮ ಭಾಷೆಯೂ ಬರುತ್ತಿತ್ತು.

"ಅಕ್ಕಾ, ಒಂದು ಸಣ್ಣ ವಿಷಯ ಉಂಟು. ಟೆನ್ಶನ್ ಮಾಡ್ಬೇಡಿ."

ಫೋನು ಸ್ಪೀಕರಿನಲ್ಲಿತ್ತು. ಅಕ್ಕ ನನ್ನ ಮುಖ ನೋಡಿದಳು.

"ಬ್ಲಡ್ ಎಲ್ಲಾ ಒಳ್ಳೇದುಂಟು. ಎಕ್ಸ್‌ರೇ ಪುನಃ ತೆಗೀಬೇಕಂತೆ. ಎದೆಯಲ್ಲಿ ಮೇಲೆ, ಒಂದು ಬದಿಯಲ್ಲಿ, ಎಂಥದೋ ನೆರಳು ಕಾಣ್ತದಂತೆ. ಡಾಕ್ಟರ್ ಸಹ ನೋಡ್ತಾರೆ. ಅಷ್ಟೇ."

"ನೆರಳು ಅಂದ್ರೆ ಎಂತದು?" ನಾನು ಕೇಳಿದೆ.

"ನಾನು ಡಾಕ್ಟರಾ ಅಕ್ಕಾ? ಬರುವ ವಾರ ಹೋಗಿ. ಇನ್‌ಶಾ ಅಲ್ಲಾ ಖಲಾಸ್ ಆಗ್ತದೆ."

ಎದೆಯ ಮೇಲ್ಭಾಗದ ನೆರಳು ಎಂದರೆ ಏನೆಂದು ಗಲ್ಫಿನಲ್ಲಿ ಕೇಳಬೇಕಾಗಿಯೇ ಇಲ್ಲ. ಕಟ್ಟಡದಲ್ಲಿ ಮಾತಿಗೆ ಸಿಕ್ಕವರೆಲ್ಲರಿಗೂ ಒಬ್ಬೊಬ್ಬ ನೆಂಟ, ಒಬ್ಬೊಬ್ಬ ಕೋಣೆಯ ಜೊತೆಗಾರ ಇದ್ದ. ಹಳೆಯ ಕ್ಷಯದ ಕಲೆ ಕಂಡರೂ ಸಾಕು, ಸೀದಾ ವಿಮಾನ ಹತ್ತಿಸುತ್ತಾರೆ ಎಂದು ಕೆಲವರು. ಈಗ ಕಾನೂನು ಸಡಿಲವಾಗಿದೆ, ಮದ್ದು ಕೊಟ್ಟು ಇಲ್ಲೇ ಇರಿಸಿಕೊಳ್ಳುತ್ತಾರೆ ಎಂದು ಕೆಲವರು. ಅದು ಮೊದಲೇ ಇದ್ದವರಿಗೆ, ಹೊಸಬರಿಗೆ ಅಲ್ಲ ಎಂದು ಮತ್ತೆ ಕೆಲವರು. ಎಲ್ಲರೂ ಖಚಿತವಾಗಿ ಹೇಳುತ್ತಿದ್ದರು, ಅದೇ ತೊಂದರೆ.

ನಾನು ಅಕ್ಕನಿಗೆ ಸಮಾಧಾನ ಹೇಳಲು ಶುರು ಮಾಡಿದೆ. ಮಂಡೆಬೆಚ್ಚ ಮಾಡ್ಬೇಡ, ಮೆಷಿನಿನದ್ದೇ ಏನೋ ತಪ್ಪಿರಬೇಕು, ನಿನಗೆ ಒಂದು ದಿನ ಶೀತವಾದದ್ದನ್ನೂ ನಾನು ನೋಡಿಲ್ಲ ಎಂದೆ. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು.

"ನೀನು ನೋಡಿಲ್ಲ. ನೀನು ಹುಟ್ಟಿರಲೇ ಇಲ್ಲ."

"ಎಂತ?"

"ಸಣ್ಣದಿರುವಾಗ ನನಗೆ ಕೆಮ್ಮು ಬಂದಿತ್ತು. ತುಂಬ ಸಮಯ ಇತ್ತು. ಅಮ್ಮ ದಿನಾ ಬಸ್ಸಿನಲ್ಲಿ ಕರ್ಕೊಂಡು ಹೋಗ್ತಿದ್ದಳು, ಸರ್ಕಾರಿ ಆಸ್ಪತ್ರೆಗೆ. ಇಂಜೆಕ್ಷನ್. ಕೂತ್ಕೊಳ್ಳಲಿಕ್ಕೆ ಆಗ್ತಿರಲಿಲ್ಲ, ಅಷ್ಟು."

"ಎಂತಕ್ಕೆ ಅಂತ ಹೇಳಲಿಲ್ವಾ?"

"ಕಫ ಅಂತ. ಯಾರಾದ್ರೂ ಕೇಳಿದ್ರೆ ನಿಮೋನಿಯಾ ಅಂತ." ಅಕ್ಕ ಮತ್ತೊಂದು ಮಾತು ಹೇಳಿದಳು: "ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಳು ಅಮ್ಮ. ತೊಳೆಯುವುದೂ ಬೇರೆ."

ಅಮ್ಮ ತೀರಿಹೋಗಿ ಬಹಳ ಕಾಲವಾಗಿತ್ತು. ಕೇಳಲು ಯಾರೂ ಇರಲಿಲ್ಲ. ಅಕ್ಕನೇ, "ಆಯ್ತು, ಇನ್ನು ನೀನೂ ನನ್ನ ಲೋಟ ಬೇರೆ ಇಡ್ಬೇಡ ಮಾರಾಯ್ತಿ, ಇರುವುದೇ ನಾಲ್ಕು," ಎಂದು ನಲ್ಲಿ ತಿರುಗಿಸಿದಳು.

ಇಲ್ಲಿ ಅಜ್ಜನ ಕತೆ ಸೇರಿಸಲು ಕೈ ತುರಿಸುತ್ತದೆ, ಆದ್ದರಿಂದ ಹೇಳಿಯೇ ಬಿಡುತ್ತೇನೆ. ನಮ್ಮ ಅಜ್ಜ ಯೌವನದಲ್ಲಿ ಆಫ್ರಿಕಾದ ಮೊಂಬಾಸಕ್ಕೆ ಹೋಗಲೆಂದು ಬೊಂಬಾಯಿ ಬಂದರಿನವರೆಗೆ ಹೋಗಿದ್ದರಂತೆ. ಹಡಗು ಹತ್ತುವ ಮೊದಲು ಬ್ರಿಟಿಷರ ಡಾಕ್ಟರ ಮುಂದೆ ಸಾಲು. ನಾಲಿಗೆ ಚಾಚಬೇಕು, ಅಂಗಿ ಬಿಚ್ಚಬೇಕು, ಡಾಕ್ಟರು ಹೆಬ್ಬೆರಳಿನಿಂದ ಕಣ್ಣಿನ ರೆಪ್ಪೆ ಮಗುಚಿ ನೋಡುತ್ತಾರೆ. ಅಜ್ಜನ ಕಣ್ಣು ಕೆಂಪಾಗಿತ್ತು. ಕಣ್ಣುಬೇನೆ ಎಂದು ಸಾಲಿನಿಂದ ಆಚೆ ನಿಲ್ಲಿಸಿದರು, ಹಡಗು ಹೋಯಿತು. ಕಣ್ಣು ಕೆಂಪಾದದ್ದು ಹೋಟೆಲಿನ ಒಲೆಯ ಹೊಗೆಯಿಂದ ಎಂದು ಒಬ್ಬ ಅತ್ತೆ ಹೇಳುತ್ತಾಳೆ. ಹೆಂಡತಿಯನ್ನು ಬಿಟ್ಟು ಬಂದೆನೆಂದು ಅತ್ತದ್ದರಿಂದ ಎಂದು ಇನ್ನೊಬ್ಬ ಅತ್ತೆ. ನಿಜವಾಗಿಯೂ ಕಣ್ಣುಬೇನೆಯೇ ಇದ್ದಿರಬಹುದು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅಜ್ಜ ಮತ್ತು ಅಕ್ಕ, ಹಡಗು ಮತ್ತು ವೀಸಾ, ಇವು ಒಂದರ ಪಕ್ಕ ಒಂದು ಇಷ್ಟು ಸಲೀಸಾಗಿ ಕೂರುತ್ತವೆ ಎಂಬ ಕಾರಣಕ್ಕೇ ನನಗೆ ಈ ಕತೆಯ ಮೇಲೆ ಸಂಶಯ. ಆ ವಾರ ನನಗೆ ಅಜ್ಜನ ನೆನಪು ಬಂದಿತ್ತೇ, ಇಲ್ಲ ಈಗ ಬರೆಯುವಾಗ ಬಂತೇ? ಈಗ ಬಂದದ್ದೇ ಇರಬೇಕು. ಬಿಡೋಣ.

ಆ ವಾರದಲ್ಲಿ ಒಂದು ಸಂಜೆ ಮಗಳು ಮೆಡಿಕಲ್ ಆಟ ಆಡಿದಳು. ದೊಡ್ಡವರು ಏನನ್ನು ಮುಚ್ಚಿಟ್ಟರೂ ಮಕ್ಕಳು ಅದನ್ನೇ ಆಟಕ್ಕೆ ತೆಗೆದುಕೊಳ್ಳುತ್ತಾರೆ. ಅವಳು ಡಾಕ್ಟರು, ಅಕ್ಕ ರೋಗಿ, ನಮ್ಮ ಫ್ರಿಜ್ಜೇ ಮೆಷಿನು.

"ಸ್ಟ್ಯಾಂಡ್ ಸ್ಟ್ರೇಟ್, ದೊಡ್ಡಮ್ಮ."

"ನಿಂತೆ ಡಾಕ್ಟ್ರೇ."

"ನೋ ಟಾಕಿಂಗ್. ಡೋಂಟ್ ಬ್ರೀದ್!"

"ಉಸಿರು ಬಿಡದಿದ್ರೆ ನಿನಗೆ ದೋಸೆ ಹುಯ್ಯುವುದು ಯಾರು?"

"ಐ ಸೆಡ್ ನೋ ಟಾಕಿಂಗ್!"

ಅಕ್ಕ ನಗುತ್ತಾ ಫ್ರಿಜ್ಜಿಗೆ ಎದೆ ಕೊಟ್ಟು ನಿಂತಳು. ನಿಲ್ಲುವ ಮೊದಲು ಅವಳ ಕೈ ಬೆನ್ನಿಗೆ ಹೋಯಿತು. ಉದ್ದದ ಜಡೆಯನ್ನು ಹೆಗಲ ಮೇಲಿನಿಂದ ಮುಂದಕ್ಕೆ ಎಳೆದು, ನೈಟಿಯ ಕುತ್ತಿಗೆಯೊಳಗೆ ತೂರಿಸಿ, ಎದೆಯ ಮೇಲೆ ತಟ್ಟಿ ಸರಿ ಮಾಡಿದಳು. ಒಂದು ಸುರುಳಿ ಹಗ್ಗವನ್ನು ಚೀಲಕ್ಕೆ ತುರುಕಿದ ಹಾಗೆ.

ಅಕ್ಕನ ಕೂದಲಿನ ಬಗ್ಗೆ ಎರಡು ಮಾತು. ನಮ್ಮ ಬಂಧುಬಳಗದಲ್ಲಿ ಅಂಥ ಕೂದಲು ಇನ್ನೊಬ್ಬರಿಗಿಲ್ಲ. ಹೆಣ್ಣು ನೋಡಲು ಬಂದವರೆಲ್ಲ ಕೂದಲನ್ನು ಹೊಗಳಿ, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಕೂದಲಿಗೆ ಯಾರೂ ತಾಳಿ ಕಟ್ಟಲಿಲ್ಲ ಎಂದು ಅಕ್ಕನೇ ತಮಾಷೆ ಮಾಡುತ್ತಿದ್ದಳು. ಮೊಣಕಾಲು ಮುಟ್ಟುವ ಜಡೆ, ಮಣಿಕಟ್ಟಿನಷ್ಟು ದಪ್ಪ, ದಿನವೂ ತೆಂಗಿನೆಣ್ಣೆ. ಸಾಮಾನ್ಯವಾಗಿ ತುರುಬು ಕಟ್ಟುತ್ತಿದ್ದಳು. ಕೂದಲು ಹರಡಿಕೊಂಡು ನಾಲ್ಕು ಜನರ ಮುಂದೆ ನಿಲ್ಲುವುದು ನಮ್ಮ ಕಡೆ ಹೆಂಗಸರಿಗೆ ಆಗದ ಮಾತು.

"ಅಕ್ಕ," ಎಂದೆ. "ಅಲ್ಲಿಯೂ ಹೀಗೆ ಮಾಡಿದ್ಯಾ?"

"ಹೇಗೆ?"

"ಜಡೆ. ಗೌನಿನ ಒಳಗೆ ಹಾಕಿದ್ಯಾ?"

"ಮತ್ತೆ? ಪಿನ್ನು ತೆಗೆ ಅಂದ್ರು, ತುರುಬು ಬಿಚ್ಚಿಹೋಯ್ತು. ಬೇಗ ಬೇಗ ಜಡೆ ಹಾಕಿದೆ. ಆ ಹುಡುಗಿ ಹೇರ್ ಅಪ್, ಹೇರ್ ಅಪ್ ಅಂತ ಎಲ್ಲರಿಗೂ ಹೇಳ್ತಿದ್ದಳು. ಮೇಲೆ ಕಟ್ಟಿದ್ರೆ ಪಿನ್ನಿಲ್ಲದೆ ನಿಲ್ತದಾ? ಹೊರಗೆ ಬಿಟ್ರೆ ಎಣ್ಣೆ ಅವರ ಮೆಷಿನಿಗೆ ಮೆತ್ತಿಕೊಳ್ತದೆ. ಬೇರೆಯವರು ಗಲ್ಲ ಇಡುವ ಜಾಗ ಅದು. ಅದಕ್ಕೆ ಒಳಗೆ ಹಾಕಿದೆ. ಯಾರಿಗೂ ಕಾಣಲಿಲ್ಲ."

ಯಾರಿಗೂ ಕಾಣಲಿಲ್ಲ ಎಂದು ಹೇಳುವಾಗ ಅವಳ ಮುಖದಲ್ಲಿ ಸಂತೋಷವಿತ್ತು. ಅಚ್ಚುಕಟ್ಟಾಗಿ ಒಂದು ಕೆಲಸ ಮುಗಿಸಿದವಳ ಸಂತೋಷ. ಮರುಗಳಿಗೆಯಲ್ಲಿ ಅವಳ ಕೈ ತಾನಾಗಿಯೇ ಎದೆಯ ಮೇಲ್ಭಾಗಕ್ಕೆ ಹೋಯಿತು, ಜಡೆಯ ಮೇಲೆ.

ಇದನ್ನು ಕಂಡುಹಿಡಿದದ್ದು ನಾನು. ಹಾಗೆಂದು ನನ್ನ ನಂಬಿಕೆ. ಮಗಳು ಈಗ ದೊಡ್ಡವಳಾಗಿದ್ದಾಳೆ. "ಅಮ್ಮಾ, ಇಟ್ ವಾಸ್ ಮಿ, ನಾನೇ ಅಲ್ವಾ ಹೇರ್ ತೆಗಿ ಅಂತ ಹೇಳಿದ್ದು," ಎನ್ನುತ್ತಾಳೆ. ಅಕ್ಕನ ಪ್ರಕಾರ ಪಿಆರ್‌ಓ ಫೋನು ಬಂದ ದಿನವೇ ಅವಳಿಗೆ ಜಡೆಯ ಸಂಶಯ ಬಂದಿತ್ತು, ನಾವು ನಗುತ್ತೇವೆಂದು ಹೇಳಿರಲಿಲ್ಲ. ಗೆದ್ದ ಮೇಲೆ ಗೆಲುವಿಗೆ ಇಷ್ಟು ಜನ ವಾರಸುದಾರರು ಹುಟ್ಟಿಕೊಳ್ಳುವುದು ಸಹಜ. ಮೂವರೂ ನಮ್ಮ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.

ಕೆಳಗಿನ ಮಹಡಿಯಲ್ಲಿ ಮಂಗಳೂರು ಕಡೆಯ ಕೊಂಕಣಿ ಗೆಳತಿಯೊಬ್ಬಳಿದ್ದಳು, ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಓಡಿಹೋಗಿ ಅವಳನ್ನು ಕರೆತಂದೆ. ಅವಳು ಸೋಫಾದಲ್ಲಿ ಕೂತು ಅಕ್ಕನ ಜಡೆಯನ್ನು ಕೈಯಲ್ಲಿ ಹಿಡಿದು, ಮಾರುಕಟ್ಟೆಯಲ್ಲಿ ಮೀನು ತೂಗುವವಳ ಹಾಗೆ ಎತ್ತಿ ನೋಡಿದಳು.

"ಕಾಣ್ತದೆ ಮಾರಾಯ್ತಿ, ಕಾಣದೆ ಮತ್ತೆ? ಇಷ್ಟು ದಪ್ಪದ್ದು, ಅದರಲ್ಲಿ ಎಣ್ಣೆ ಬೇರೆ. ಶ್ವಾಸಕೋಶದ ಮೇಲೆ ಇದು ಬಿದ್ರೆ ಬಿಳಿ ಬಿಳಿ ಕಾಣ್ತದೆ. ಅದಕ್ಕೇ ಅಲ್ವಾ ನಾವು ಮೇಲೆ ಕಟ್ಟಿಸುವುದು."

"ಹಾಗಾದ್ರೆ ಇದೇ!" ಎಂದು ನಾನು ಎದ್ದು ನಿಂತೆ.

"ಇರು, ಇರು. ಇದೇ ಅಂತ ನಾನು ಹೇಳಲಿಲ್ಲ. ಇದೂ ಇರಬಹುದು ಅಂತ ಹೇಳಿದ್ದು. ನಾನು ಫಿಲ್ಮ್ ನೋಡಿದ್ದೇನಾ? ಬೇರೆ ಏನಾದ್ರೂ ಇದ್ರೂ ಇರಬಹುದು." ಆಮೇಲೆ ಅಕ್ಕನ ಕಡೆ ತಿರುಗಿ, "ಅಕ್ಕಾ, ತಲೆಗೆ ಸ್ನಾನ ಮಾಡಿ ಹೋಗಿ. ಒಂದು ದಿನ ಎಣ್ಣೆ ಇಲ್ಲದಿದ್ರೆ ಪ್ರಾಣ ಹೋಗುವುದಿಲ್ಲ," ಎಂದಳು.

"ಹೋಗುವುದಿಲ್ಲ ಅಂತ ನಿನಗೆ ಹೇಗೆ ಗೊತ್ತು?" ಅಕ್ಕ ಕೇಳಿದಳು. "ಅಂಥ ದಿನ ನಾನು ನೋಡಿಯೇ ಇಲ್ಲ."

ಎರಡನೇ ಸಲ ಹೋದ ದಿನ ಮೊದಲಿನಿಂದ ಕೊನೆಯವರೆಗೆ ನೆನಪಿದೆ ಎಂದು ನಾನು ಹೇಳಿಕೊಳ್ಳುತ್ತೇನೆ. ಅಕ್ಕ ಹಿಂದಿನ ದಿನವೇ ತಲೆ ತೊಳೆದಿದ್ದಳು. ಎಣ್ಣೆ ಹೋದ ಕೂದಲು ಎರಡು ಪಟ್ಟು ಹರಡಿಕೊಂಡು ಅವಳ ಮುಖವೇ ಚಿಕ್ಕದಾಗಿ ಕಾಣುತ್ತಿತ್ತು. ಅದನ್ನೆಲ್ಲ ಒಟ್ಟುಗೂಡಿಸಿ ನೆತ್ತಿಯ ಮೇಲೆ ಎತ್ತಿ, ಪಿನ್ನಿಲ್ಲದೆ, ಹಳೆಯ ಹತ್ತಿ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದಳು. ಯಕ್ಷಗಾನದ ವೇಷಕ್ಕೆ ಅರ್ಧ ತಯಾರಾದವಳ ಹಾಗೆ ಕಾಣುತ್ತಿದ್ದಳು. ಕಾರಿನ ಸೀಟಿನಲ್ಲಿ ತುರುಬು ಛಾವಣಿಗೆ ತಾಗುತ್ತಿತ್ತು, ದಾರಿಯುದ್ದಕ್ಕೂ ತಲೆ ಬಾಗಿಸಿ ಕೂತಿದ್ದಳು. ದುಬೈ ಮುಗಿದು ಅಬುಧಾಬಿ ಶುರುವಾಗುವಲ್ಲಿ ದೀಪದ ಕಂಬಗಳ ಆಕಾರ ಬದಲಾಗುತ್ತದೆ. ಅಲ್ಲಿಗೆ ಬಂದಾಗ ಅಕ್ಕ ಕೇಳಿದಳು:

"ಜಡೆ ಅಲ್ಲದಿದ್ರೆ?"

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ. ಒಳ್ಳೆಯದೇ ಹೇಳಿರಬೇಕು, ಅದಕ್ಕೇ ಮರೆತಿದೆ.

ಕೇಂದ್ರದಲ್ಲಿ ಅಕ್ಕನಿಗಾಗಿ ಮಾತಾಡಲು ನಾನು ಇಂಗ್ಲಿಷಿನಲ್ಲಿ ಎರಡು ಮೂರು ವಾಕ್ಯ ತಯಾರು ಮಾಡಿಕೊಂಡಿದ್ದೆ. ಎಕ್ಸ್‌ರೇ ತೆಗೆಯುವ ಫಿಲಿಪಿನೋ ಹುಡುಗಿ ಬಾಗಿಲು ತೆರೆದು ಹೆಸರು ಕರೆದಾಗ ನಾನೂ ಎದ್ದೆ. ಅಕ್ಕ ನನ್ನ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು. ಬಾಗಿಲಲ್ಲೇ ನಿಂತು, ಎಲ್‌ಕೆಜಿ ಮಕ್ಕಳಿಗೆ ಹೇಳುವ ಸ್ಪಷ್ಟ ಧ್ವನಿಯಲ್ಲಿ ಹೇಳಿದಳು:

"ಮೇಡಂ, ಲಾಸ್ಟ್ ಟೈಮ್ ಮೈ ಹೇರ್ ಇನ್‌ಸೈಡ್. ಹಿಯರ್." ಎದೆ ಮುಟ್ಟಿ ತೋರಿಸಿದಳು. "ಯು ನಾಟ್ ಸೀ. ಟುಡೇ ಹೇರ್ ಅಪ್." ತುರುಬು ಮುಟ್ಟಿ ತೋರಿಸಿದಳು.

ಹುಡುಗಿ ಒಮ್ಮೆ ತುರುಬು ನೋಡಿದಳು, ಒಮ್ಮೆ ಅಕ್ಕನ ಮುಖ ನೋಡಿದಳು. "ಓ ಮೈ ಗಾಡ್, ಸಿಸ್ಟರ್, ಆಲ್ ದಿಸ್ ಇನ್‌ಸೈಡ್?" ಎಂದು ನಗತೊಡಗಿದಳು. ಒಳಗಿನಿಂದ ಇನ್ನೊಬ್ಬಳನ್ನು ಕರೆದು ತೋರಿಸಿದಳು. ಕಾಯುತ್ತಿದ್ದ ಹೆಂಗಸರೂ ನಕ್ಕರು. ಮೊದಲ ದಿನ ಯಲ್ಲಾ ಯಲ್ಲಾ ಎಂದು ತಳ್ಳುತ್ತಿದ್ದ ಸಹಾಯಕಿ ಬಂದು, ಯಾವ ಎಣ್ಣೆ ಹಾಕುತ್ತೀ ಎಂದು ಹಿಂದಿಯಲ್ಲಿ ಕೇಳಿದಳು. ಅಕ್ಕ ಎಲ್ಲರಿಗೂ ತಲೆಯಾಡಿಸಿ, ಕಿರೀಟ ಹೊತ್ತವಳ ಹಾಗೆ ಒಳಗೆ ಹೋದಳು.

ಆಮೇಲೆ ಡಾಕ್ಟರ ಕೋಣೆ. ಅಲ್ಲಿಗೆ ನನ್ನನ್ನೂ ಬಿಟ್ಟರು. ಅರಬ್ ಹೆಂಗಸು, ನಿಧಾನ ಮಾತು. ಎದುರಿನ ಪರದೆಯಲ್ಲಿ ಹೊಸ ಎಕ್ಸ್‌ರೇ ಇದ್ದಿರಬೇಕು. ಅದು ಅವರ ಕಡೆಗೆ ತಿರುಗಿತ್ತು, ನಮಗೆ ಕಾಣುತ್ತಿರಲಿಲ್ಲ. ಕೆಮ್ಮು ಇದೆಯೇ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ ಎಂದು ಕೇಳಿದರು. ಅಕ್ಕ ಇಲ್ಲ ಎಂದಳು. ಹಿಂದೆ ಯಾವಾಗಲಾದರೂ ಕ್ಷಯ ಬಂದಿತ್ತೇ ಎಂದು ಕೇಳಿದರು.

ನಾನು ಅದಕ್ಕೂ ಇಲ್ಲ ಎನ್ನುತ್ತಾಳೆಂದು ಕಾದೆ. ಇಲ್ಲ ಎಂದರೆ ಸುಳ್ಳೂ ಆಗುತ್ತಿರಲಿಲ್ಲ, ಯಾಕೆಂದರೆ ಆ ಹೆಸರನ್ನು ಯಾರೂ ಹೇಳಿರಲಿಲ್ಲ. ಕೆಲಸ, ಕೋಣೆ, ವೀಸಾ, ಎಲ್ಲವೂ ಇಲ್ಲ ಎಂಬ ಒಂದು ಶಬ್ದ ಹೇಳಿದರೆ ಕೈಗೆಟುಕುವಷ್ಟು ಹತ್ತಿರವಿತ್ತು. ಅಕ್ಕ ಮಾತ್ರ ನನ್ನ ಕಡೆ ತಿರುಗಿ ತುಳುವಿನಲ್ಲಿ, "ಸರಿಯಾಗಿ ಹೇಳು ಅವರಿಗೆ," ಎಂದಳು. "ಸಣ್ಣದಿರುವಾಗ ಇಂಜೆಕ್ಷನ್ ಕೊಟ್ಟಿದ್ದರು. ಎಂತಕ್ಕೆ ಅಂತ ಗೊತ್ತಿಲ್ಲ. ಅಮ್ಮ ಕಫ ಅಂದಿದ್ದಳು. ತಟ್ಟೆ ಬೇರೆ ಇಟ್ಟದ್ದೂ ಹೇಳು."

"ಅದೆಲ್ಲ ಎಂತಕ್ಕೆ ಅಕ್ಕ?"

"ಹೇಳು. ನಾನು ಇರುವುದು ಸಣ್ಣ ಮಕ್ಕಳ ಒಟ್ಟಿಗೆ."

ನಾನು ಹೇಳಿದೆ. ತಟ್ಟೆಯ ವಿಷಯವನ್ನೂ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅಕ್ಕನನ್ನು ನೋಡಿದರು. ಕಫದ ಪರೀಕ್ಷೆಯೂ ಆಗಲಿ, ಬೆಳಗ್ಗಿನ ಮಾದರಿಗಳು ಬೇಕು, ಅದರ ಫಲಿತಾಂಶ ಬಂದ ಮೇಲೆ ನಿರ್ಧಾರ ಎಂದರು. ಏಳುವಾಗ ಪರದೆಯ ಕಡೆ ನೋಡಿ ಇನ್ನೊಂದು ವಾಕ್ಯ ಹೇಳಿದರು. ಆ ವಾಕ್ಯ ನನಗೆ ಕೇಳಿಸಿದ್ದು ಒಂದು ರೀತಿ, ಅಕ್ಕನಿಗೆ ಕೇಳಿಸಿದ್ದು ಇನ್ನೊಂದು ರೀತಿ. ಈಗ ಮೇಲೆ ಎಲ್ಲ ಸ್ವಚ್ಛವಾಗಿದೆ, ಎಂದರು ಎಂದು ನಾನು. ಹಳೆಯದೇನಾದರೂ ಇದ್ದರೆ ಅದು ವಾಸಿಯಾಗಿದೆ, ಎಂದರು ಎಂದು ಅಕ್ಕ. ಕಾರಿನಲ್ಲೇ ಈ ಬಗ್ಗೆ ಜಗಳವಾಯಿತು.

"ನೀನು ಸುಮ್ಮನೆ ಇಲ್ಲ ಅಂದಿದ್ರೆ ಇವತ್ತೇ ಮುಗಿದಿರುತ್ತಿತ್ತು," ಎಂದೆ.

"ಮುಗಿದು?"

"ಫಿಟ್ ಆಗ್ತಿದ್ದೆ!"

"ಹಾಗೆ ಫಿಟ್ ಆಗುವುದಾದ್ರೆ ಊರಿಗೇ ಹೋಗ್ತೇನೆ. ನಿನ್ನ ಕಾರು ಸರಿಯಾಗಿ ಓಡಿಸು."

ಫಲಿತಾಂಶ ಬರುವವರೆಗಿನ ದಿನಗಳನ್ನು ನಾನು ಎಣಿಸಲಿಲ್ಲ. ಅಕ್ಕ ಬೆಳಿಗ್ಗೆ ಚಿಕ್ಕ ಡಬ್ಬಿ ಹಿಡಿದು ಬಾಲ್ಕನಿಗೆ ಹೋಗಿ, "ಇಲ್ಲದ ಕಫವನ್ನು ಎಲ್ಲಿಂದ ತರಲಿ?" ಎಂದು ಗೊಣಗುತ್ತಿದ್ದಳು. ತಮ್ಮನ ಫೋನು ಬಂದರೆ ಹವಾಮಾನ ಮಾತಾಡುತ್ತಿದ್ದಳು. ವಿಸಿಟ್ ಮುಗಿಯುವ ದಿನ ಹತ್ತಿರ ಬಂತು. ಅವಳು ಸೂಟ್‌ಕೇಸನ್ನು ಕಪಾಟಿನ ಮೇಲಿನಿಂದ ಇಳಿಸಿ, ಒರೆಸಿ, ತೆರೆದು, ಏನನ್ನೂ ಹಾಕದೆ ಹಾಗೆಯೇ ಕೋಣೆಯ ಮೂಲೆಯಲ್ಲಿಟ್ಟಿದ್ದಳು. ಅದರ ಪಕ್ಕದಲ್ಲಿ ನಡೆದಾಡುವಾಗಲೆಲ್ಲ ನನಗೆ ಅದು ಬಾಯಿ ತೆರೆದುಕೊಂಡ ಹಾಗೆ ಕಾಣುತ್ತಿತ್ತು.

ಕಾಸರಗೋಡಿನವನ ಫೋನು ಬಂದದ್ದು ಒಂದು ಮಧ್ಯಾಹ್ನ. ನಾನು ಕಚೇರಿಯಲ್ಲಿದ್ದೆ, ಆದ್ದರಿಂದ ಮುಂದಿನದು ಅಕ್ಕ ಮತ್ತು ಮಗಳು ಹೇಳಿದ್ದು, ಮತ್ತು ನಾನು ತಿದ್ದಿದ್ದು.

"ಅಕ್ಕಾ, ಕೂತಿದ್ದೀರಾ ನಿಂತಿದ್ದೀರಾ?"

"ದೋಸೆ ಹುಯ್ತಾ ಇದ್ದೇನೆ. ಬೇಗ ಹೇಳು."

"ಫಿಟ್! ಫಿಟ್ ಅಂತ ಬಂತು ಅಕ್ಕಾ. ಖಲಾಸ್!"

ಅಕ್ಕ ಒಲೆ ಆರಿಸಲಿಲ್ಲವಂತೆ. ದೋಸೆ ಕರಟಿಹೋಯಿತಂತೆ. ಮಗಳನ್ನು ಎತ್ತಿಕೊಂಡು, ಎತ್ತಲು ಆಗದಷ್ಟು ದೊಡ್ಡ ಮಗುವನ್ನು, ಹಾಲ್‌ನಲ್ಲಿ ಸುತ್ತು ಹಾಕಿದಳಂತೆ. "ದೊಡ್ಡಮ್ಮ ಈಸ್ ಫಿಟ್, ದೊಡ್ಡಮ್ಮ ಈಸ್ ಫಿಟ್!" ಎಂದು ಇಬ್ಬರೂ ಕೂಗಿದ್ದು ಕೆಳಗಿನ ಮಹಡಿಗೂ ಕೇಳಿ ನರ್ಸ್ ಗೆಳತಿ ಓಡಿಬಂದಳು. ನಾನು ಮನೆಗೆ ಬಂದಾಗ ಕರಟಿದ ವಾಸನೆಯ ಜೊತೆ ಏಲಕ್ಕಿಯ ಪರಿಮಳ. ಶ್ಯಾವಿಗೆ ಪಾಯಸ ಆಗಿತ್ತು, ಮೇಲಿನ ಮನೆಗೂ ಕೆಳಗಿನ ಮನೆಗೂ ಎದುರಿನ ಮನೆಯ ಈಜಿಪ್ಟಿನವರಿಗೂ ಬಟ್ಟಲು ಬಟ್ಟಲು ಹೋಗಿಯಾಗಿತ್ತು. ಅಕ್ಕನ ಕೂದಲಲ್ಲಿ ಮತ್ತೆ ಎಣ್ಣೆ ಹೊಳೆಯುತ್ತಿತ್ತು.

ಆ ಸಂಜೆ ಅವಳು ತಮ್ಮನಿಗೆ ಫೋನು ಮಾಡಿದಳು. ಇದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

"ಟಿಕೆಟ್ ಆಯ್ತಾ ಅಕ್ಕ?" ಅವನು ಕೇಳಿದ.

"ಟಿಕೆಟ್ ಇಲ್ಲ. ನನಗೆ ಇಲ್ಲಿ ಕೆಲಸ ಆಗಿದೆ. ಮೆಡಿಕಲ್ ಪಾಸಾಯ್ತು."

ಆ ಕಡೆಯಿಂದ, "ಮತ್ತೆ ಇಲ್ಲಿ? ಹೆರಿಗೆಗೆ?"

"ಡಾಕ್ಟ್ರು ನೋಡಿ ಹೇಳಿದ್ದು ಮಾರಾಯ, ನಾನು ಇಲ್ಲಿಯ ಕೆಲಸಕ್ಕೆ ಫಿಟ್ ಅಂತ. ನಿನ್ನ ಹೆಂಡತಿಯ ಬಾಣಂತನಕ್ಕೆ ಫಿಟ್ ಅಂತ ಹೇಳಲಿಲ್ಲ. ಅವಳ ಅಮ್ಮ ಇದ್ದಾರಲ್ಲ, ಗಟ್ಟಿಮುಟ್ಟಾಗಿ. ಮಗುವಿಗೆ ಅಂಗಿ ಕಳಿಸ್ತೇನೆ."

"ಅಕ್ಕ, ನೀನು ಹೀಗೆ ಮಾತಾಡುವವಳೇ ಅಲ್ಲ."

"ಹೌದು," ಎಂದಳು ಅಕ್ಕ. "ಇವತ್ತಿನಿಂದ ಶುರು."

ಖಲೀಫಾ ಸಿಟಿಯ ಶಾಲೆಗೆ ಅವಳನ್ನು ಬಿ‌ಡಲು ಹೋದ ಬೆಳಿಗ್ಗೆ ಗೇಟಿನಲ್ಲಿ ಒಂದು ಮಗು ಅಳುತ್ತಿತ್ತು. ಅಕ್ಕ ನನಗೆ ಹೋಗಿ ಬರುತ್ತೇನೆ ಎಂದೂ ಹೇಳದೆ ಅದರ ಕೈ ಹಿಡಿದು ಒಳಗೆ ನಡೆದಳು. ಅವಳು ಅಲ್ಲೇ ಇದ್ದಾಳೆ. ವೀಸಾ ನವೀಕರಣಕ್ಕೆಂದು ಆಗಾಗ ಮೆಡಿಕಲ್‌ಗೆ ಹೋಗುತ್ತಾಳೆ, ಒಬ್ಬಳೇ, ತಲೆಗೆ ಸ್ನಾನ ಮಾಡಿಕೊಂಡು. ಪ್ರತಿ ಸಲವೂ ಪಾಸಾಗಿದ್ದಾಳೆ. ತಮ್ಮನ ಮಗು ಅವನ ಅತ್ತೆಯ ಆರೈಕೆಯಲ್ಲಿ ಚೆನ್ನಾಗಿಯೇ ಬೆಳೆಯಿತು.

ಮೊದಲ ಎಕ್ಸ್‌ರೇಯನ್ನು ನಾವು ಯಾರೂ ನೋಡಲಿಲ್ಲ. ಅದರಲ್ಲಿದ್ದ ನೆರಳು ಅಕ್ಕನ ಜಡೆಯದ್ದೇ ಎಂದು ಯಾರೂ ನಮಗೆ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಡಾಕ್ಟರು ಏಳುವಾಗ ಹೇಳಿದ ವಾಕ್ಯ ನಾನು ಕೇಳಿಸಿಕೊಂಡದ್ದೋ, ಅಕ್ಕ ಕೇಳಿಸಿಕೊಂಡದ್ದೋ, ಗೊತ್ತಿಲ್ಲ. ಅಮ್ಮ ದಿನವೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕೊಡಿಸಿದ ಆ ಇಂಜೆಕ್ಷನ್ನುಗಳು ಯಾವ ಕಾಯಿಲೆಗೆ ಎಂಬುದೂ ಗೊತ್ತಿಲ್ಲ. ಅಮ್ಮನಿಗಾದರೂ ಅದು ಗೊತ್ತಿತ್ತೇ ಎಂದು ಅಕ್ಕ ಕೇಳುತ್ತಾಳೆ. ಅದೂ ನನಗೆ ಗೊತ್ತಿಲ್ಲ.